ಬೈಗುಳ ಬಿಟ್ಟು ಸಮಸ್ಯೆ ಬರೆದೆ

ನಾನು ದಾವಣಗೆರೆಯ ಹೈಸ್ಕೂಲ್ ಟೀಚರ್. ಎತ್ತರ 158 ಸೆಂ.ಮೀ., ಆಗ ತೂಕ 86 ಕೆ.ಜಿ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ, 34 ದಾಟಿತ್ತು. ನಮ್ಮ ದೇಶದವರಿಗೆ 25 ಆದರೇ ಬೊಜ್ಜು ಅಂತ ಲೆಕ್ಕ. ಡಯಟ್ ಚಾರ್ಟ್‌ಗಳೇನೋ ಫ್ರಿಜ್ ಬಾಗಿಲ ಮೇಲೆ ಅಂಟಿಸಿ ಅಂಟಿಸಿ ಹಳದಿಯಾಗಿದ್ದವು.

ಡಾಕ್ಟರ್ ಒಬ್ಬ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ಅವರು ಒಂದು ನೋಟ್‌ಬುಕ್ ಕೊಟ್ಟು, ನಿಮ್ಮ ಸಮಸ್ಯೆ ಬರೀರಿ ಅಂದರು. ನಾನು ಬರೆದೆ: 'ನಾನು ಸೋಮಾರಿ. ಬಾಯಿ ಕಟ್ಟೋಕೆ ಆಗಲ್ಲ.'

'ಇದು ಬೈಗುಳ ಆಯ್ತು ಮೇಡಂ. ಸಮಸ್ಯೆ ಎಲ್ಲಿ?' ಅಂದರು. ಶಾಲೆಯ ಟೈಮ್‌ಟೇಬಲ್ ಹಾಕುವುದು ನಾನೇ ಅಂತ ಅವರಿಗೆ ಮಾತಿನ ನಡುವೆ ಗೊತ್ತಾಗಿತ್ತು. 'ಇಬ್ಬರು ಮೇಷ್ಟ್ರಿಗೆ ಒಂದೇ ಕ್ಲಾಸಲ್ಲಿ ಒಂದೇ ಪೀರಿಯಡ್ ಬಿದ್ದರೆ ಏನ್ ಮಾಡ್ತೀರಿ? ಕೂತು ನಿಮ್ಮನ್ನೇ ಬೈಕೋತೀರಾ?'

ಇಲ್ಲ ಕಣ್ರಿ. ಪೆನ್ಸಿಲ್ ತಗೊಂಡು ಅಳಿಸಿ ಬೇರೆ ಕಡೆ ಹಾಕ್ತೀನಿ. ಅಷ್ಟು ಕೆಲಸ ಬರುತ್ತೆ ನನಗೆ. ತೂಕದ ವಿಷಯಕ್ಕೆ ಮಾತ್ರ ಆ ತಲೆ ಯಾಕೆ ಓಡಲಿಲ್ಲ ಅಂತ ಆವತ್ತು ರಾತ್ರಿಯೆಲ್ಲ ಯೋಚನೆ.

ಹೀಗೆ ಸಮಸ್ಯೆ ಬರೆದು ದಾರಿ ಹುಡುಕುವ ವಿಧಾನವನ್ನು 1971ರಲ್ಲಿ ಡಿ'ಜುರಿಲ್ಲಾ, ಗೋಲ್ಡ್‌ಫ್ರೀಡ್ ಅನ್ನೋ ಮನಶ್ಶಾಸ್ತ್ರಜ್ಞರು ರೂಪಿಸಿದ್ದಂತೆ. ಸಮಸ್ಯೆಯನ್ನು ಚಿಕ್ಕದಾಗಿ, ನಿಖರವಾಗಿ ಬರೆಯಬೇಕು. ತೋಚಿದ ದಾರಿಗಳನ್ನೆಲ್ಲ, ಪೆದ್ದು ಅನ್ನಿಸಿದರೂ, ಪಟ್ಟಿ ಮಾಡಬೇಕು. ಒಂದನ್ನು ಆರಿಸಿ ಮಾಡಿ ನೋಡಬೇಕು. ಆಗಲಿಲ್ಲ ಅಂದರೆ ಮತ್ತೆ ಪಟ್ಟಿಗೆ ಬರಬೇಕು.

ಯಾವಾಗ ಏನು ತಿಂದೆ ಅಂತ ಎರಡು ವಾರ ಬರೆದಾಗ ಗೊತ್ತಾಯಿತು: ನಾನು ದಿನಾ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಿರಲಿಲ್ಲ! ಮಂಗಳವಾರ, ಶುಕ್ರವಾರ ಮಾತ್ರ. ಆ ದಿನ ಸ್ಪೆಷಲ್ ಕ್ಲಾಸ್. ಮಧ್ಯಾಹ್ನ ಹನ್ನೆರಡೂವರೆಗೆ ನಾಲ್ಕು ತುತ್ತು ನುಂಗಿ ಹೋದವಳು ಆರು ಗಂಟೆಗೆ ಗೇಟು ದಾಟುತ್ತಿದ್ದೆ. ಎದುರಿಗೇ ಎಣ್ಣೆಯಿಂದ ಬಿಸಿಬಿಸಿ ಮೆಣಸಿನಕಾಯಿ ಏಳುತ್ತಿರುತ್ತದೆ. ಸೋಮಾರಿತನ ಎಲ್ಲಿಂದ ಬಂತು, ಹಸಿವು ಅಲ್ವಾ ಅದು?

ಮೊದಲು ಮಾಡಿದ್ದು, ಪರ್ಸ್ ಮನೆಯಲ್ಲೇ ಬಿಟ್ಟು ಹೋಗಿದ್ದು. ಅಂಗಡಿಯವ 'ನಾಳೆ ಕೊಡ್ರಿ ಮೇಡಂ' ಅಂತ ಪೊಟ್ಟಣ ಕೈಗಿಟ್ಟ. ಸಾಲವೂ ಆಯ್ತು. ಆಮೇಲೆ ನಾಲ್ಕು ಗಂಟೆಗೆ ಸ್ಟಾಫ್ ರೂಮಲ್ಲಿ ಒಂದು ಹಿಡಿ ಹುರಿಗಡಲೆ, ಒಂದು ಲೋಟ ಮಜ್ಜಿಗೆ ಶುರು ಮಾಡಿದೆ. ಇದು ಕೈಹಿಡಿಯಿತು. ತಪ್ಪಿದ ದಿನವೂ ಇದೆ. ಮೊದಲಾದರೆ 'ಹಾಳಾಯ್ತು, ಇನ್ನು ಸೋಮವಾರದಿಂದ' ಅಂತ ರಾತ್ರಿ ಇನ್ನೂ ಜಾಸ್ತಿ ತಿನ್ನುತ್ತಿದ್ದೆ. ಈಗ ಯಾಕೆ ತಪ್ಪಿತು ಅಂತ ಒಂದು ಸಾಲು ಬರೆದು ಮಲಗುತ್ತೇನೆ.

ಒಂದು ವರ್ಷಕ್ಕೆ 79 ಕೆ.ಜಿ. ಭಾರಿ ಇಳಿಕೆ ಏನಲ್ಲ, ಈಗಲೂ ನಾನು ದಪ್ಪಗೇ ಇದ್ದೀನಿ. ಆದರೆ ತೂಕಕ್ಕಿಂತ ಮುಂಚೆ ಇಳಿದಿದ್ದು ಆ ಬೈಗುಳ. ಟೈಲರ್ ಟೇಪ್ ಹಿಡಿದಾಗ ಉಸಿರು ಬಿಗಿ ಹಿಡಿಯುವುದು ಯಾವಾಗ ನಿಂತಿತೋ ನನಗೇ ನೆನಪಿಲ್ಲ.

ನೋಟ್‌ಬುಕ್‌ನಲ್ಲಿ ಈ ವಾರದ ಪುಟ: 'ಮದುವೆ ಮನೆ. ಹೋಳಿಗೆ. ಬಡಿಸುವವರು ಅತ್ತಿಗೆ.' ಐದು ದಾರಿ ಬರೆದಿದ್ದೀನಿ. ಐದೂ ಅತ್ತಿಗೆ ಮುಂದೆ ನಡೆಯುವ ಹಾಗೆ ಕಾಣಿಸ್ತಿಲ್ಲ.