ಸದ್ದು ಎಲ್ಲಿ ನಿಂತಿದೆ ಎಂದು ಹುಡುಕುವುದು: ಆಡಿಯೊ ಇಂಟರ್‌ಫೇಸ್ ಕೈಕೊಟ್ಟಾಗ

ಮೈಕ್, ವಾದ್ಯಗಳ ಸದ್ದನ್ನು ಕಂಪ್ಯೂಟರಿಗೆ ತಲುಪಿಸುವ ಪುಟ್ಟ ಪೆಟ್ಟಿಗೆಯೇ ಆಡಿಯೊ ಇಂಟರ್‌ಫೇಸ್. ಮೂರು ವಾರ ನನ್ನ ಪ್ರತಿ ರೆಕಾರ್ಡಿಂಗಿನಲ್ಲೂ ಚಟ್ ಚಟ್ ಎನ್ನುವ ಸದ್ದು ಸೇರಿಕೊಳ್ಳುತ್ತಿತ್ತು. ಅದೂ ವಯಲಿನ್ನಿನಲ್ಲಿ ಉಸಿರು ಬಿಗಿಹಿಡಿದು ಎಳೆದ ಉದ್ದನೆಯ ಸ್ವರದ ನಟ್ಟನಡುವೆ. ಒಂದು ಸಂಜೆ ಸಿಟ್ಟಿನಲ್ಲಿ ಡ್ರೈವರ್ (ಇಂಟರ್‌ಫೇಸನ್ನು ಕಂಪ್ಯೂಟರಿಗೆ ಪರಿಚಯಿಸುವ ತಂತ್ರಾಂಶ) ತೆಗೆದು ಮತ್ತೆ ಹಾಕಿದೆ, ಕೇಬಲ್ ಬದಲಿಸಿದೆ, ಬಫರ್ (ಅದೇನೆಂದು ಮುಂದೆ ಹೇಳುತ್ತೇನೆ) ಏರಿಸಿದೆ, ಪೋರ್ಟ್ ಬದಲಿಸಿದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ. ಸದ್ದು ಹೋಯಿತು. ಹತ್ತು ದಿನ ಬಿಟ್ಟು ಮರಳಿ ಬಂದಾಗ, ಮೊದಲ ಸಲ ಅದು ಯಾವುದರಿಂದ ಹೋಗಿತ್ತು ಎಂದೇ ನನಗೆ ತಿಳಿದಿರಲಿಲ್ಲ.

ಎರಡನೇ ಸಲ ಒಂದೊಂದನ್ನೇ ಬದಲಿಸಿದೆ. ಪ್ರತಿ ಬದಲಾವಣೆಯ ನಂತರ ಎರಡು ನಿಮಿಷ ರೆಕಾರ್ಡ್ ಮಾಡಿ, ಚಟ್ ಎಂದದ್ದು ಎಷ್ಟು ಸಲ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಇಂಟರ್‌ಫೇಸ್ ಮತ್ತು ಹೊರಗಿನ ಹಾರ್ಡ್ ಡಿಸ್ಕ್ ಎರಡನ್ನೂ ಒಂದೇ ಯುಎಸ್‌ಬಿ ಹಬ್‌ಗೆ ಹಾಕಿದ್ದೇ ಕಾರಣವಾಗಿತ್ತು. ಸಿಟ್ಟಿನ ಆ ಸಂಜೆ ಇಂಟರ್‌ಫೇಸನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಹಾಕಿದ್ದೆ. ನಡುವೆ ಮೇಜು ಜೋಡಿಸುವಾಗ ಮತ್ತೆ ಹಬ್‌ಗೆ ಮರಳಿಸಿದ್ದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಟ್ಟುಕೊಳ್ಳಿ. ಕೆಳಗೆ ಹೇಳುವುದೆಲ್ಲ ಇದೇ ಕ್ರಮದಲ್ಲಿ ಮಾಡಿದರೆ ಮಾತ್ರ ಉಪಯೋಗಕ್ಕೆ ಬರುತ್ತದೆ.

ಸದ್ದೇ ಬರುತ್ತಿಲ್ಲ ಎಂದಾದರೆ ಅದು ಸಾಗುವ ದಾರಿಯನ್ನು ನೆನೆಯಿರಿ. ಮೈಕ್, ಕೇಬಲ್, ಇಂಟರ್‌ಫೇಸಿನ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಗುಂಡಿ), ಯುಎಸ್‌ಬಿ, ಡ್ರೈವರ್, ಸಾಫ್ಟ್‌ವೇರಿನ ಟ್ರ್ಯಾಕ್, ಅಲ್ಲಿಂದ ಮರಳಿ ಹೆಡ್‌ಫೋನ್. ಮೊದಲು ನೋಡಬೇಕಾದದ್ದು ಪರದೆಯನ್ನಲ್ಲ, ಇಂಟರ್‌ಫೇಸಿನ ಮುಂಭಾಗದ ದೀಪವನ್ನು. ಹಾಡಿದಾಗ ಆ ದೀಪ ಮಿನುಗಿದರೆ ಮೈಕ್, ಕೇಬಲ್, ಗೇನ್ ಮೂರೂ ಸರಿಯಿವೆ. ತೊಂದರೆ ಕಂಪ್ಯೂಟರ್ ಕಡೆಗಿದೆ. ಮಿನುಗದಿದ್ದರೆ ಸಾಫ್ಟ್‌ವೇರನ್ನು ಮುಟ್ಟಲೇಬೇಡಿ. ಈ ಒಂದು ನೋಟಕ್ಕೆ ಹುಡುಕಾಟ ಅರ್ಧ ಕಡಿಮೆಯಾಗುತ್ತದೆ.

ದೀಪ ಮಿನುಗದಿದ್ದಾಗ: ಕಂಡೆನ್ಸರ್ ಮೈಕ್ ಆದರೆ ಕೇಬಲ್ ಮೂಲಕ ಮೈಕಿಗೆ ವಿದ್ಯುತ್ ಕಳಿಸುವ 48 ವೋಲ್ಟ್ ಫ್ಯಾಂಟಮ್ ಪವರ್ ಬಟನ್ ಒತ್ತಿದ್ದೀರಾ ನೋಡಿ. ಒತ್ತುವ ಮುಂಚೆ ಸ್ಪೀಕರ್, ಹೆಡ್‌ಫೋನ್ ಎರಡರ ವಾಲ್ಯೂಮ್ ಇಳಿಸಿ, ಢಬ್ ಎನ್ನುವ ಸದ್ದು ಕಿವಿಗೂ ಸ್ಪೀಕರಿಗೂ ಒಳ್ಳೆಯದಲ್ಲ. ಡೈನಾಮಿಕ್ ಮೈಕಿಗೆ ಫ್ಯಾಂಟಮ್ ಬೇಕಿಲ್ಲ. ರಿಬ್ಬನ್ ಮೈಕ್ ಇದ್ದರೆ, ತಯಾರಕರ ಸೂಚನೆ ಓದದೆ ಆ ಬಟನ್ ಮುಟ್ಟಬೇಡಿ. ಹಳೆಯ ಕೆಲವು ರಿಬ್ಬನ್ನುಗಳು ಅದರಿಂದ ಹಾಳಾಗಬಹುದು. ಗಿಟಾರ್ ನೇರವಾಗಿ ಹಾಕಿದ್ದರೆ ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಜೆಡ್’ ಸ್ವಿಚ್ ಆನ್ ಮಾಡಿ, ಇಲ್ಲದಿದ್ದರೆ ಸದ್ದು ಮಂಕಾಗಿ, ಬಡವಾಗಿ ಬರುತ್ತದೆ.

ಫೋನಿನಲ್ಲಿದ್ದ ಒಂದು ಹಾಡನ್ನು ಕಂಪ್ಯೂಟರಿಗೆ ತರಲು ನಾನು ಅದರ ಹೆಡ್‌ಫೋನ್ ಜಾಕಿನಿಂದ ಒಂದೇ ಸ್ಟೀರಿಯೊ ಕೇಬಲ್ ಎಳೆದು ಇಂಟರ್‌ಫೇಸಿನ ಒಂದು ಲೈನ್ ಇನ್‌ಪುಟ್‌ಗೆ ಹಾಕಿದೆ. ವಾದ್ಯಗಳು ಕೇಳಿಸಿದವು, ಹಾಡುಗಾರ್ತಿಯ ದನಿ ಮಾತ್ರ ಮಾಯ! ಅರ್ಥವಾಗಲು ಒಂದು ದಿನ ಹಿಡಿಯಿತು. ಆ ಲೈನ್ ಇನ್‌ಪುಟ್‌ನಂಥ ಬ್ಯಾಲೆನ್ಸ್ಡ್ ಇನ್‌ಪುಟ್ ಎರಡು ತಂತಿಗಳಲ್ಲಿ ಬಂದದ್ದರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ಎಡಕ್ಕೂ ಬಲಕ್ಕೂ ಸಮನಾಗಿರುವ ನಡುವಿನ ದನಿಯನ್ನು ಅದು ಒಂದರಿಂದೊಂದು ಕಳೆದುಬಿಡುತ್ತದೆ. ಸ್ಟೀರಿಯೊವನ್ನು ಎರಡಾಗಿ ಕವಲೊಡೆಯುವ ಕೇಬಲ್ ತಂದು ಎರಡು ಇನ್‌ಪುಟ್‌ಗಳಿಗೆ ಹಾಕಿದೆ, ದನಿ ಮರಳಿತು.

ದೀಪ ಮಿನುಗುತ್ತಿದೆ, ಪರದೆಯ ಮೇಲೆ ಏನೂ ಇಲ್ಲ. ಆಗ ಕಂಪ್ಯೂಟರಿಗೆ ಇಂಟರ್‌ಫೇಸ್ ಕಾಣಿಸುತ್ತಿದೆಯೇ ನೋಡಿ. ಕಾಣಿಸದಿದ್ದರೆ ಕೇಬಲ್ ಮೇಲೆ ಅನುಮಾನವಿರಲಿ, ಕೆಲವು ಯುಎಸ್‌ಬಿ ಕೇಬಲ್‌ಗಳು ಚಾರ್ಜ್ ಮಾಡಲಷ್ಟೇ ಆಗುತ್ತವೆ, ಡೇಟಾ ಸಾಗಿಸುವುದಿಲ್ಲ. ಇಂಟರ್‌ಫೇಸಿನ ದೀಪ ಹತ್ತುವುದರಿಂದ ಎಲ್ಲ ಸರಿಯಿದೆ ಎಂದು ನಂಬುವಂತಾಗುತ್ತದೆ. ಕಾಣಿಸುತ್ತಿದ್ದರೂ ಸದ್ದಿಲ್ಲದಿದ್ದರೆ ಮೈಕ್ ಅನುಮತಿ ನೋಡಿ. ಮ್ಯಾಕ್‌ನಲ್ಲಿ 2018ರ ಮೊಹಾವೆಯಿಂದ ಈಚೆಗೆ ಪ್ರತಿ ಆ್ಯಪ್‌ಗೂ ಮೈಕ್ ಬಳಸಲು ಬೇರೆಯಾಗಿ ಅನುಮತಿ ಕೊಡಬೇಕು. ವಿಂಡೋಸ್‌ನಲ್ಲಿ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಇದೇ ಸ್ವಿಚ್ ಇದೆ. ಆಮೇಲೆ ಸಾಫ್ಟ್‌ವೇರಿನ ಟ್ರ್ಯಾಕಿನಲ್ಲಿ ಇನ್‌ಪುಟ್ ಸಂಖ್ಯೆ. ಮೈಕ್ ಇನ್‌ಪುಟ್ 2ರಲ್ಲಿದ್ದು, ಟ್ರ್ಯಾಕ್ ಇನ್‌ಪುಟ್ 1ನ್ನು ಕೇಳುತ್ತ ಕೂತಿದ್ದರೆ ಸದ್ದು ಬರುವುದು ಹೇಗೆ? ಎಡ ಕಿವಿಯಲ್ಲಿ ಮಾತ್ರ ಕೇಳಿಸುತ್ತಿದ್ದರೆ ಸ್ಟೀರಿಯೊ ಟ್ರ್ಯಾಕ್ ತೆರೆದಿದ್ದೀರಿ, ಮೊನೊ ಮಾಡಿ.

ಈಗ ಚಟ್ ಚಟ್ ಸದ್ದಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೆಚ್ಚು ಮಂದಿ ಸೋಲುವುದು ಇಲ್ಲೇ. ಕಂಪ್ಯೂಟರ್ ಸದ್ದನ್ನು ಚಿಕ್ಕ ಚಿಕ್ಕ ಕಂತುಗಳಲ್ಲಿ ತೆಗೆದುಕೊಳ್ಳುತ್ತದೆ. ಆ ಕಂತಿನ ಗಾತ್ರವೇ ಬಫರ್. ಒಂದು ಕಂತು ಮುಗಿಯುವುದರೊಳಗೆ ಮುಂದಿನದು ತಯಾರಾಗದಿದ್ದರೆ ಸದ್ದಿನಲ್ಲಿ ತೂತು ಬೀಳುತ್ತದೆ, ಕಿವಿಗೆ ಅದೇ ಚಟ್. 48 ಕಿಲೋಹರ್ಟ್ಜ್‌ನಲ್ಲಿ, ಎಂದರೆ ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಅಳತೆ) ತೆಗೆಯುವಾಗ, 128 ಸ್ಯಾಂಪಲ್ಲಿನ ಬಫರ್ ಎಂದರೆ ಕಂಪ್ಯೂಟರಿಗೆ ಸಿಗುವ ಕಾಲ 2.7 ಮಿಲಿಸೆಕೆಂಡ್ ಅಷ್ಟೇ. 1024 ಆದರೆ 21.3. ನನ್ನ ದನಿ ನನಗೇ ತಡವಾಗಿ ಕೇಳಿಸದಂತೆ ಹಾಡುವಾಗ ನಾನು 128 ಇಡುತ್ತೇನೆ, ಮಿಕ್ಸ್ ಮಾಡುವಾಗ 1024. ಬಫರ್ ಏರಿಸಿದಾಗ ಚಟ್ ಸದ್ದು ಹೋದರೆ ಕಂಪ್ಯೂಟರ್ ಬಳಲುತ್ತಿದೆ ಎಂದರ್ಥ: ರಿವರ್ಬ್‌ನಂಥ ಭಾರದ ಪ್ಲಗಿನ್ ತೆಗೆಯಿರಿ, ಬ್ರೌಸರ್ ಮುಚ್ಚಿ.

ಬಫರ್ 1024 ಮಾಡಿದರೂ ಚಟ್ ನಿಲ್ಲಲಿಲ್ಲವೇ? ಹಾಗಾದರೆ ಬಫರನ್ನು ಇನ್ನೂ ಏರಿಸುತ್ತ ಹೋಗಬೇಡಿ. ವೈಫೈ ಆಫ್ ಮಾಡಿ ಎರಡು ನಿಮಿಷ ರೆಕಾರ್ಡ್ ಮಾಡಿ ನೋಡಿ. ವೈಫೈ ಡ್ರೈವರ್ ಪ್ರೊಸೆಸರನ್ನು ಕ್ಷಣಕಾಲ ತನ್ನದೇ ಕೆಲಸಕ್ಕೆ ಕಟ್ಟಿಹಾಕುವುದು ನನ್ನ ಲ್ಯಾಪ್‌ಟಾಪಿನಲ್ಲೂ ಆಗಿದೆ. ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಎಂಬ ಉಚಿತ ತಂತ್ರಾಂಶ ಯಾವ ಡ್ರೈವರ್ ತಡೆಯುತ್ತಿದೆ ಎಂದು ಹೆಸರಿನ ಸಮೇತ ತೋರಿಸುತ್ತದೆ. ಪವರ್ ಪ್ಲಾನಿನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಆಫ್ ಮಾಡಿ. ಇಂಟರ್‌ಫೇಸಿಗೆ ತಯಾರಕರದ್ದೇ ಎಎಸ್‌ಐಒ ಡ್ರೈವರ್ (ವಿಂಡೋಸ್‌ನಲ್ಲಿ ಸದ್ದನ್ನು ಹೆಚ್ಚು ತಡವಿಲ್ಲದೆ ಸಾಗಿಸುವ ಬಗೆಯದು) ಇದ್ದರೆ ಅದನ್ನೇ ಬಳಸಿ. ಎಎಸ್‌ಐಒ4ಆಲ್ ಎಂಬ ಸಾಮಾನ್ಯ ಡ್ರೈವರ್ ಅಂಥದ್ದು ಇಲ್ಲದವರಿಗೆ. ಹಬ್ ಬೇಡ ಎಂದು ನಾನು ಮತ್ತೆ ಹೇಳಬೇಕಿಲ್ಲ.

ಸ್ಯಾಂಪಲ್ ರೇಟ್, ಎಂದರೆ ಸೆಕೆಂಡಿಗೆ ತೆಗೆಯುವ ಸ್ಯಾಂಪಲ್‌ಗಳ ಸಂಖ್ಯೆ, ಹೊಂದದಿದ್ದರೂ ಚಟಪಟ ಬರುತ್ತದೆ. ಸಾಫ್ಟ್‌ವೇರ್, ಇಂಟರ್‌ಫೇಸಿನ ಕಂಟ್ರೋಲ್ ಪ್ಯಾನೆಲ್, ವಿಂಡೋಸ್ ಅಥವಾ ಮ್ಯಾಕ್‌ನ ಸೌಂಡ್ ಸೆಟ್ಟಿಂಗ್, ಮೂರರಲ್ಲೂ ಒಂದೇ ಸಂಖ್ಯೆ ಇರಲಿ. 44.1ರಲ್ಲಿ ರೆಕಾರ್ಡ್ ಮಾಡಿದ್ದನ್ನು 48ರಲ್ಲಿ ನುಡಿಸಿದರೆ ಹಾಡು ಬೇಗ ಓಡುತ್ತದೆ, ಶ್ರುತಿ ಸುಮಾರು ಒಂದೂವರೆ ಸೆಮಿಟೋನಿನಷ್ಟು ಮೇಲೇರುತ್ತದೆ. ನಿಮ್ಮದೇ ದನಿ ಮಗುವಿನ ದನಿಯಂತೆ ಕೇಳಿಸಿದರೆ ಬೇರೆಲ್ಲೂ ಹುಡುಕಬೇಡಿ.

ಗುಂಯ್ ಎನ್ನುವ ನಿರಂತರ ಸದ್ದಿಗೆ ಮೊದಲ ಪರೀಕ್ಷೆ ಸುಲಭ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ಸದ್ದು ಹೋದರೆ ಅದು ಸಾಮಾನ್ಯವಾಗಿ ಭೂಸಂಪರ್ಕದ ಸುತ್ತು, ಎಂದರೆ ಗ್ರೌಂಡ್ ಲೂಪ್. ಲ್ಯಾಪ್‌ಟಾಪ್, ಸ್ಪೀಕರ್ ಎರಡನ್ನೂ ಒಂದೇ ಪವರ್ ಬೋರ್ಡಿಗೆ ಹಾಕಿ, ಸ್ಪೀಕರಿಗೆ ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಪ್ಲಗ್ಗಿನ ಅರ್ಥಿಂಗ್ ಪಿನ್ ಮುರಿದು ಸದ್ದು ನಿಲ್ಲಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ, ಅದು ಪ್ರಾಣಕ್ಕೆ ಅಪಾಯ. ಹಿಸ್ ಎನ್ನುವ ಸದ್ದಾದರೆ ಗೇನ್ ಅತಿಯಾಗಿದೆ ಅಥವಾ ಮೈಕ್ ದೂರವಿದೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಮಟ್ಟ ಕೆಂಪಿನವರೆಗೆ ಏರಬೇಕಿಲ್ಲ. ಜೋರಾದ ಜಾಗದಲ್ಲಿ ಮೈನಸ್ 12 ಡೆಸಿಬೆಲ್ ಮುಟ್ಟಿದರೆ ಸಾಕು.

ಹೆಡ್‌ಫೋನಿನಲ್ಲಿ ನಿಮ್ಮ ದನಿ ಎರಡೆರಡಾಗಿ, ಡಬ್ಬದೊಳಗಿನಿಂದ ಬಂದಂತೆ ಕೇಳಿಸಿದರೆ ಡೈರೆಕ್ಟ್ ಮಾನಿಟರ್ (ಇಂಟರ್‌ಫೇಸಿನಿಂದಲೇ ನೇರವಾಗಿ ಕೇಳುವುದು) ಮತ್ತು ಸಾಫ್ಟ್‌ವೇರಿನ ಮಾನಿಟರಿಂಗ್ (ಕಂಪ್ಯೂಟರ್ ಸುತ್ತಿ ಬಂದದ್ದನ್ನು ಕೇಳುವುದು) ಎರಡೂ ಆನ್ ಆಗಿವೆ. ಒಂದನ್ನು ಆಫ್ ಮಾಡಿ.

ಕೊನೆಗೆ ಉಳಿಯುವುದು ಕೇಳಲು ಸರಿಯಿದ್ದರೂ ರೆಕಾರ್ಡ್ ಆದದ್ದು ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬೀಳುವ ತೊಂದರೆ. ನುಡಿಸಿದ್ದು ತಪ್ಪಿತೆಂದು ನಾನು ತಿಂಗಳುಗಟ್ಟಲೆ ನೊಂದುಕೊಂಡಿದ್ದೆ. ಆಮೇಲೆ ಇಂಟರ್‌ಫೇಸಿನ ಔಟ್‌ಪುಟ್‌ನಿಂದ ಅದರದ್ದೇ ಲೈನ್ ಇನ್‌ಪುಟ್‌ಗೆ ಒಂದು ಕೇಬಲ್ ಹಾಕಿದೆ. ಡೈರೆಕ್ಟ್ ಮಾನಿಟರ್ ಮತ್ತು ರೆಕಾರ್ಡ್ ಮಾಡುವ ಟ್ರ್ಯಾಕಿನ ಮಾನಿಟರಿಂಗ್ ಎರಡನ್ನೂ ಆಫ್ ಮಾಡಿ (ಇಲ್ಲದಿದ್ದರೆ ಸದ್ದು ಸುತ್ತು ಹೊಡೆದು ಕಿರುಚುತ್ತದೆ) ಒಂದು ಕ್ಲಿಕ್ ಸದ್ದು ನುಡಿಸಿ ಅದನ್ನೇ ರೆಕಾರ್ಡ್ ಮಾಡಿದೆ. ಹಿಗ್ಗಿಸಿ ನೋಡಿದಾಗ ಎರಡು ಕ್ಲಿಕ್‌ಗಳ ನಡುವೆ 212 ಸ್ಯಾಂಪಲ್ ಅಂತರವಿತ್ತು, 48 ಕಿಲೋಹರ್ಟ್ಜ್‌ನಲ್ಲಿ ಸುಮಾರು 4.4 ಮಿಲಿಸೆಕೆಂಡ್. ಡ್ರೈವರ್ ತನ್ನ ವಿಳಂಬವನ್ನು ಸಾಫ್ಟ್‌ವೇರಿಗೆ ಕಡಿಮೆ ಹೇಳುತ್ತಿತ್ತು. ಸಾಫ್ಟ್‌ವೇರಿನ ಸೆಟ್ಟಿಂಗ್‌ನಲ್ಲಿ ಈ ಅಂತರ ಸರಿಪಡಿಸುವ ‘ರೆಕಾರ್ಡಿಂಗ್ ಆಫ್‌ಸೆಟ್’ ಜಾಗದಲ್ಲಿ 212 ಬರೆದು ಮತ್ತೆ ಅಳೆದೆ. ಎರಡೂ ಕ್ಲಿಕ್ ಒಂದರ ಮೇಲೊಂದು ಕೂತವು.