ಸಂಬಳ ಇಳಿಸಿದರೆ, ಬಡ್ತಿ ತಪ್ಪಿದರೆ ಏನು ಮಾಡಬೇಕು?

ನಿವೃತ್ತಿಯಾದ ಮೇಲೂ ಎಸ್‌ಆರ್ ಪುಸ್ತಕದ (ಸೇವಾ ಪುಸ್ತಕದ) ಜೆರಾಕ್ಸ್ ಹಿಡಿದುಕೊಂಡು ನಮ್ಮ ಮನೆಗೆ ಬರುವವರು ಕಮ್ಮಿಯಾಗಿಲ್ಲ. ಹಾಸನದ ಸರ್ಕಾರಿ ಕಚೇರಿಗಳಲ್ಲಿ ಮೂವತ್ತು ವರ್ಷ ಸಿಬ್ಬಂದಿ ಶಾಖೆಯ ಕಡತ ತಿರುವಿ ಹಾಕಿದ್ದಕ್ಕೆ ಇದೇ ಪಿಂಚಣಿ ಅಂದುಕೊಂಡಿದ್ದೇನೆ. ಎರಡು ವರ್ಷದ ಹಿಂದೆ ಅರಕಲಗೂಡು ಕಡೆಯ ಒಬ್ಬ ದ್ವಿತೀಯ ದರ್ಜೆ ಸಹಾಯಕರು ಬಂದರು. ಅವರ ನಿವೃತ್ತಿಗೆ ಎಂಟು ತಿಂಗಳಿತ್ತು. ಹಿಂದೆ ಯಾವಾಗಲೋ ಹಾಕಿದ್ದ ಸಂಬಳವಿಲ್ಲದ ರಜೆಯನ್ನು ಲೆಕ್ಕದಿಂದ ಕಳೆಯದೆ ಅವರಿಗೆ ವೇತನ ಬಡ್ತಿ ಕೊಟ್ಟಿದ್ದರಂತೆ. ಆಡಿಟ್‌ನವರು ಅದನ್ನು ಹಿಡಿದರು. ಮೂಲ ವೇತನ ಇಳಿಯಿತು. ಜೊತೆಗೆ ಒಂದು ಲಕ್ಷಕ್ಕೂ ಜಾಸ್ತಿ ಕಟ್ಟಬೇಕು ಅಂತ ಕಚೇರಿಯಿಂದ ಜ್ಞಾಪನ (ಮೆಮೊ) ಬಂತು. "ಉಂಡ ಅನ್ನ ಕಕ್ಕು ಅಂತಾರಲ್ಲ ಸಾರ್" ಅಂದರು.

ನಾನು ಮೊದಲು ಕೇಳಿದ್ದು, "ಜ್ಞಾಪನ ಕೈಗೆ ಬಂದ ದಿನ ಯಾವುದು?" ಅವರಿಗೆ ನೆನಪಿರಲಿಲ್ಲ. ನೀವು ಆ ತಪ್ಪು ಮಾಡಬೇಡಿ. ಆದೇಶ ಕೈಗೆ ಬಂದ ಕೂಡಲೇ ಅದರ ಮೂಲೆಯಲ್ಲಿ ತಾರೀಖು ಬರೆದಿಡಿ. ಕವರನ್ನೂ ಎಸೆಯಬೇಡಿ. ಮುಂದಿನ ಲೆಕ್ಕವೆಲ್ಲ ಆ ತಾರೀಖಿನಿಂದಲೇ ಶುರುವಾಗುತ್ತದೆ.

ಆಮೇಲೆ ಸಿಟ್ಟು ಇಳಿದ ಮೇಲೆ ಆದೇಶವನ್ನು ಓದಿ. ಸಂಬಳ ಇಳಿಯುವುದು ಮೂರು ದಾರಿಯಲ್ಲಿ. ಒಂದು, ತಪ್ಪು ಮಾಡಿದ್ದಕ್ಕೆ ಶಿಕ್ಷೆ. ಎರಡು, ಹಿಂದಿನ ಲೆಕ್ಕದ ತಪ್ಪನ್ನು ಇನ್ನು ಮುಂದಕ್ಕೆ ಸರಿಮಾಡುವುದು. ಮೂರು, ಆಗಲೇ ಕೊಟ್ಟ ಹಣವನ್ನು ವಾಪಸು ಕೇಳುವುದು. ಎಷ್ಟೋ ಜ್ಞಾಪನಗಳಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಒಂದೇ ವಾಕ್ಯದಲ್ಲಿ ಹೊಲಿದಿರುತ್ತಾರೆ. ನಾನೂ ಹಾಗೆ ಹೊಲಿದವನೇ. ಆದರೆ ಅವು ಎರಡು ಬೇರೆ ಜಗಳ. ಒಂದರಲ್ಲಿ ಸೋತವರು ಇನ್ನೊಂದರಲ್ಲಿ ಗೆಲ್ಲಬಹುದು.

ಶಿಕ್ಷೆಯದಾದರೆ ನೋಡಬೇಕಾದ್ದು 1957ರ ಸಿಸಿಎ ನಿಯಮ, ಅಂದರೆ ರಾಜ್ಯ ಸರ್ಕಾರಿ ನೌಕರರ ಶಿಸ್ತು, ಮೇಲ್ಮನವಿಯ ನಿಯಮ. ಸಾಮಾನ್ಯವಾಗಿ ಇಲಾಖಾ ವಿಚಾರಣೆ ನಡೆಸದೆ ಯಾರನ್ನೂ ಕೆಳಗಿನ ಹುದ್ದೆಗೆ ಇಳಿಸುವ ಹಾಗಿಲ್ಲ. ಸಂವಿಧಾನದ 311(2)ನೇ ವಿಧಿಯೇ ಅದನ್ನು ಹೇಳುತ್ತದೆ. ದೋಷಾರೋಪಣ ಪಟ್ಟಿ, ಸಾಕ್ಷಿ, ವಿಚಾರಣಾ ವರದಿಯ ಪ್ರತಿ ಇವೆಲ್ಲ ಸಿಕ್ಕಿದೆಯಾ ನೋಡಿ. ಸಿಕ್ಕಿಲ್ಲ ಅಂದರೆ ಮೇಲ್ಮನವಿಯ ಮೊದಲ ಸಾಲು ಅದೇ.

ತಿದ್ದುಪಡಿಯದಾದರೆ, ನಿಮ್ಮನ್ನು ಒಂದು ಮಾತು ಕೇಳಿದ್ದರಾ ಅನ್ನುವುದು ಮುಖ್ಯ. ಭಗವಾನ್ ಶುಕ್ಲಾ ಅನ್ನುವ ರೈಲ್ವೆ ನೌಕರರ ಮೂಲ ವೇತನವನ್ನು 1970ರಿಂದಲೇ ಅನ್ವಯವಾಗುವಂತೆ 190 ರೂಪಾಯಿಯಿಂದ 181ಕ್ಕೆ ಇಳಿಸಿದ್ದರು. ನೋಟಿಸ್ ಇರಲಿಲ್ಲ. 9 ರೂಪಾಯಿಯ ಈ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ನೌಕರನ ಮಾತು ಕೇಳದೆ ಸಂಬಳ ಇಳಿಸಿದ್ದು ಸರಿಯಲ್ಲ ಅಂತ 1994ರಲ್ಲಿ ಕೋರ್ಟು ಆದೇಶವನ್ನು ರದ್ದು ಮಾಡಿತು. ಆದರೆ ನೋಟಿಸ್ ಕೊಟ್ಟು, ನಿಮ್ಮ ಉತ್ತರ ನೋಡಿ, ನಿಜಕ್ಕೂ ಲೆಕ್ಕ ತಪ್ಪಾಗಿದ್ದರೆ ಇಳಿಸಬಹುದು. ತಪ್ಪು ಲೆಕ್ಕವನ್ನು ಹಾಗೇ ಉಳಿಸಿ ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ. ಇದನ್ನು ಹೇಳಿದರೆ ಬಂದವರ ಮುಖ ಸಪ್ಪಗಾಗುತ್ತದೆ. ಆದರೂ ಹೇಳಲೇಬೇಕಲ್ವಾ?

ಇನ್ನು ವಸೂಲಿ. ಇಲ್ಲಿ ನೌಕರರ ಕೈಯಲ್ಲಿ ಒಳ್ಳೆಯ ಅಸ್ತ್ರವಿದೆ. 2014ರ ಡಿಸೆಂಬರಿನಲ್ಲಿ ಬಂದ ಪಂಜಾಬಿನ ರಫೀಕ್ ಮಸೀಹ್ ಪ್ರಕರಣದ ತೀರ್ಪು ಅದು. ಸಿ ಮತ್ತು ಡಿ ಗುಂಪಿನ ನೌಕರರಿಂದ ವಸೂಲಿ ಮಾಡಬಾರದು ಅಂದಿತು ಕೋರ್ಟು. ನಿವೃತ್ತರಾದವರಿಂದ, ಆದೇಶದಿಂದ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದಲೂ ಕೂಡದು. ಐದು ವರ್ಷಕ್ಕೂ ಜಾಸ್ತಿ ಕಾಲ ಹೆಚ್ಚುವರಿ ಹಣ ಕೊಡುತ್ತಾ ಬಂದಿದ್ದರೂ ಕೂಡದು. ಮೇಲಿನ ಹುದ್ದೆಯ ಕೆಲಸ ಮಾಡಿಸಿಕೊಂಡು ಅದರ ಸಂಬಳ ಕೊಟ್ಟು, ಆಮೇಲೆ ವಾಪಸು ಕೇಳುವುದೂ ತಪ್ಪು. ವಸೂಲಿ ತೀರಾ ಕಠಿಣ, ಅನ್ಯಾಯ ಅಂತ ಕೋರ್ಟಿಗೆ ಅನಿಸಿದರೆ ಆಗಲೂ ಇಲ್ಲ. ಈ ರಿಯಾಯಿತಿ ಸಿಗುವುದು ಸುಳ್ಳು ದಾಖಲೆ ಕೊಟ್ಟು ಹಣ ಪಡೆಯದವರಿಗೆ.

ಇದರಲ್ಲಿ ಒಂದು ಗುಂಡಿಯೂ ಇದೆ. ಹೊಸ ವೇತನ ಶ್ರೇಣಿ ಬಂದಾಗ, "ಹೆಚ್ಚು ಪಾವತಿಯಾಗಿದ್ದರೆ ವಾಪಸು ಕಟ್ಟುತ್ತೇನೆ" ಅಂತ ಒಂದು ಮುಚ್ಚಳಿಕೆಗೆ ಸಹಿ ಹಾಕಿಸಿಕೊಂಡಿರುತ್ತಾರೆ. ಓದಿ ಸಹಿ ಹಾಕಿದವರನ್ನು ನಾನಂತೂ ನೋಡಿಲ್ಲ. 2016ರ ಜಗದೇವ್ ಸಿಂಗ್ ಪ್ರಕರಣದಲ್ಲಿ, ಮುಚ್ಚಳಿಕೆ ಕೊಟ್ಟ ಅಧಿಕಾರಿ ಅದಕ್ಕೆ ಬದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ನಿಮ್ಮ ಕಡತದಲ್ಲಿ ಆ ಹಾಳೆ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ತೋರಿಸಲು ಒಪ್ಪದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಬರಬೇಕು. ಸೇವಾ ಪುಸ್ತಕ, ವೇತನ ನಿಗದಿ ತಖ್ತೆ, ಆಡಿಟ್ ಆಕ್ಷೇಪಣೆ, ಟಿಪ್ಪಣಿ ಹಾಳೆ, ನಾಲ್ಕನ್ನೂ ಕೇಳಿ. ಟಿಪ್ಪಣಿ ಹಾಳೆಯಲ್ಲೇ ಅರ್ಧ ಕೇಸು ಇರುತ್ತದೆ.

ಬಡ್ತಿಯ ಜಗಳ ಸಂಬಳದ್ದಕ್ಕಿಂತ ನಿಧಾನ, ಕಹಿಯೂ ಜಾಸ್ತಿ. ಪಕ್ಕದ ಮೇಜಿನವರೇ ಎದುರಾಳಿ ಆಗುತ್ತಾರೆ. 2017ರ ಫೆಬ್ರವರಿ 9ರಂದು, ಮೀಸಲಾತಿಯಡಿ ಬಡ್ತಿ ಪಡೆದವರ ಜ್ಯೇಷ್ಠತೆ ಕುರಿತ ಬಿ.ಕೆ. ಪವಿತ್ರ ಪ್ರಕರಣದ ತೀರ್ಪು ಬಂದಾಗ ಜ್ಯೇಷ್ಠತಾ ಪಟ್ಟಿಗಳನ್ನು ಮತ್ತೆ ಬರೆಯಬೇಕಾಯಿತು. ಕೆಲವರಿಗೆ ಹಿಂಬಡ್ತಿ, ಕೆಲವರಿಗೆ ಮುಂಬಡ್ತಿ. ಆಮೇಲೆ ಆ ಜ್ಯೇಷ್ಠತೆ ಉಳಿಸಲು ರಾಜ್ಯ ಸರ್ಕಾರ ಹೊಸ ಕಾಯ್ದೆ ತಂದಿತು. 2019ರ ಮೇ 10ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಎರಡು ವರ್ಷ ಕಚೇರಿಗಳಲ್ಲಿ ಒಟ್ಟಿಗೆ ಕಾಫಿ ಕುಡಿಯುವುದೂ ಕಷ್ಟವಾಗಿತ್ತು.

ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಹೊರಟಾಗಲೇ ಎಚ್ಚರವಾಗಬೇಕು. ಕೆಲಸಕ್ಕೆ ಸೇರಿದ ತಾರೀಖು, ಇಲಾಖಾ ಪರೀಕ್ಷೆ ಪಾಸಾದ ವಿವರ, ವರ್ಗಾವಣೆಯ ನಮೂದು ನೋಡಿ. ತಪ್ಪಿದ್ದರೆ ಪಟ್ಟಿಯಲ್ಲಿ ಹೇಳಿದ ಗಡುವಿನೊಳಗೆ ಲಿಖಿತ ಆಕ್ಷೇಪಣೆ ಕೊಡಿ. ಅಂತಿಮ ಪಟ್ಟಿಯಾಗಿ ಕಿರಿಯರಿಗೆ ಬಡ್ತಿ ಸಿಕ್ಕ ಮೇಲೆ ಎದ್ದರೆ, ಇಷ್ಟು ದಿನ ಎಲ್ಲಿದ್ದಿರಿ ಅನ್ನುತ್ತಾರೆ. ಇನ್ನೊಂದು ಮಾತು. ಬಡ್ತಿಯೇ ಹಕ್ಕಲ್ಲ, ಬಡ್ತಿಗೆ ಪರಿಗಣಿಸಬೇಕು ಅನ್ನುವುದು ಹಕ್ಕು. ಅರ್ಜಿಯಲ್ಲಿ "ನನ್ನನ್ನು ಬಿಟ್ಟು ಕಿರಿಯರನ್ನು ಪರಿಗಣಿಸಿದ್ದಾರೆ" ಅಂತಲೇ ಬರೆಯಿರಿ. ನಿಮಗಿಂತ ಮುಂದೆ ಹೋದವರನ್ನು ಕೇಸಿನಲ್ಲಿ ಪ್ರತಿವಾದಿ ಮಾಡಲೇಬೇಕು. ಸ್ನೇಹ ಕೆಡುತ್ತದೆ ಅಂತ ಸುಮ್ನೆ ಬಿಟ್ಟರೆ ಅರ್ಜಿಯೇ ಬಿದ್ದುಹೋಗಬಹುದು.

ಮನವಿ ಒಂದೇ ಸಾಕು, ಆದರೆ ಗಟ್ಟಿಯಾಗಿರಲಿ. ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸಾಹೇಬರ ಕೈಗೇ ಕೊಟ್ಟು ಬಂದೆ ಅನ್ನುವವರ ಹತ್ತಿರ ಪುರಾವೆ ಇರುವುದಿಲ್ಲ. ಆರು ತಿಂಗಳು ಕಾದರೂ ಉತ್ತರ ಇಲ್ಲದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ ಹೋಗಬೇಕು. ಅಂತಿಮ ಆದೇಶ ಬಂದಿದ್ದರೆ ಅದರಿಂದ ಒಂದು ವರ್ಷ. ಮನವಿಯ ಮೇಲೆ ಮನವಿ ಕೊಡುತ್ತಾ ಹೋದರೆ ಗಡುವು ಮುಂದಕ್ಕೆ ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ನಮ್ಮವರು ಹೆಚ್ಚಾಗಿ ಕೇಸು ಕಳೆದುಕೊಳ್ಳುವುದು ಇಲ್ಲೇ.

ಹಾಸನ, ಚಿಕ್ಕಮಗಳೂರಿನವರು ಹೋಗಬೇಕಾದ್ದು ಬೆಂಗಳೂರಿನ ಕೆ.ಜಿ. ರಸ್ತೆಯ ಕಂದಾಯ ಭವನದಲ್ಲಿರುವ ಕೆಎಟಿಗೆ. ಮೊದಲೇ ಹೈಕೋರ್ಟಿಗೆ ಹೋಗುವ ಹಾಗಿಲ್ಲ. ಕೆಎಟಿ ತೀರ್ಪು ಸರಿಬರದಿದ್ದರೆ ಹೈಕೋರ್ಟಿನ ವಿಭಾಗೀಯ ಪೀಠ ಇದೆ. ಸಂಬಳದಲ್ಲಿ ಕಟಾವು ಶುರುವಾಗುವ ಮೊದಲೇ ಹೋದರೆ ಮಧ್ಯಂತರ ತಡೆ ಕೇಳಬಹುದು.

ಎಲ್ಲರಿಗೂ ಕೆಎಟಿ ಅಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಎಂಸಿಎಫ್‌ನವರು, ಅಂಚೆಯವರು ಕೇಂದ್ರ ಆಡಳಿತ ನ್ಯಾಯಮಂಡಳಿಗೆ, ಅಂದರೆ ಸಿಎಟಿಗೆ ಹೋಗಬೇಕು. ಕೆಎಸ್‌ಆರ್‌ಟಿಸಿಯವರದು ಬೇರೆ ದಾರಿ. ಅನುದಾನಿತ ಶಾಲೆಯ ಶಿಕ್ಷಕರನ್ನು ಹುದ್ದೆಯಿಂದ ಇಳಿಸಿದರೆ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿ.

ಅರಕಲಗೂಡಿನವರ ಕಡತದಲ್ಲಿ ಮುಚ್ಚಳಿಕೆ ಇರಲಿಲ್ಲ. ಸಿ ಗುಂಪು, ನಿವೃತ್ತಿಗೆ ಎಂಟು ತಿಂಗಳು, ಹತ್ತು ವರ್ಷಕ್ಕೂ ಹಳೆಯ ಪಾವತಿ. ಮೂರನ್ನೂ ಒಂದೂವರೆ ಪುಟದಲ್ಲಿ ಬರೆದು ಕೊಟ್ಟೆವು. ಕಂದಾಯ ಭವನದ ಮೆಟ್ಟಿಲು ಹತ್ತುವ ಮೊದಲೇ ವಸೂಲಿ ಕೈಬಿಟ್ಟರು. ಮೂಲ ವೇತನ ಮಾತ್ರ ಇಳಿದಲ್ಲೇ ನಿಂತಿತು, ಪಿಂಚಣಿಯೂ ಅದರ ಮೇಲೇ ಆಯಿತು. ಅದರ ಬಗ್ಗೆ ನನ್ನ ಮೇಲೆ ಅವರಿಗೆ ಇವತ್ತಿಗೂ ಸ್ವಲ್ಪ ಮುನಿಸಿದೆ.