ಮನೆಯಡಿಯ ಕುಳ್ಳ ಗೋಡೆಗೆ ಪ್ಲೈವುಡ್ ಬಲ

ಬೆಂಕಿಪೊಟ್ಟಣದ ಒಳಡಬ್ಬಿ ತೆಗೆದು, ಬರೀ ಹೊರಗಿನ ರಟ್ಟನ್ನು ಪಕ್ಕಕ್ಕೆ ತಳ್ಳಿ ನೋಡಿ. ಸಲೀಸಾಗಿ ಓರೆಯಾಗುತ್ತದೆ. ಡಬ್ಬಿ ಸೇರಿಸಿ ಮತ್ತೆ ತಳ್ಳಿ. ಜಗ್ಗಲ್ಲ, ಅಲ್ವಾ? ಭೂಕಂಪ ತಡೆದುಕೊಳ್ಳಲು ಕ್ಯಾಲಿಫೋರ್ನಿಯಾದ ಹಳೇ ಮರದ ಮನೆಗಳಿಗೆ ಬೇಕಾಗಿರುವುದೂ ಇದೇ.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಹಳೇ ಮನೆ ಕೊಂಡ ನಮ್ಮವರು ಅಡುಗೆಮನೆಯ ಗ್ರಾನೈಟಿಗೆ ಸಾವಿರಾರು ಡಾಲರ್ ಸುರಿಯುತ್ತಾರೆ, ಮನೆಯಡಿಗೆ ಒಮ್ಮೆಯೂ ಬಗ್ಗಿ ನೋಡಿರುವುದಿಲ್ಲ. 1980ಕ್ಕೂ ಮೊದಲು ಕಟ್ಟಿದ ಬಹಳ ಮನೆಗಳಲ್ಲಿ ಕಾಂಕ್ರೀಟ್ ಪಾಯಕ್ಕೂ ನೆಲದ ತೊಲೆಗಳಿಗೂ ನಡುವೆ ಮರದ ಕುಳ್ಳ ಗೋಡೆ ಇರುತ್ತದೆ. ಅಲ್ಲಿ ಅದಕ್ಕೆ 'ಕ್ರಿಪಲ್ ವಾಲ್' ಅಂತಾರೆ. 1989ರಲ್ಲಿ 6.9 ತೀವ್ರತೆಯ ಲೋಮಾ ಪ್ರಿಯೆಟಾ ಭೂಕಂಪ ಆದಾಗ ಇಂಥ ಗೋಡೆಗಳು ಮಡಚಿಕೊಂಡು ಎಷ್ಟೋ ಮನೆಗಳು ಪಾಯದಿಂದ ಜಾರಿದವು.

ಮದ್ದು ಇಷ್ಟೇ: ಆ ಗೋಡೆಯನ್ನು ಪಾಯಕ್ಕೆ ಬೋಲ್ಟ್ ಹಾಕಿ ಬಿಗಿದು, ಅದರ ಒಳಮೈಗೆ ಪ್ಲೈವುಡ್ ಬಡಿಯುವುದು. ಮೊದಲು ಕಟ್ಟಡ ಇಲಾಖೆಯ ಪರ್ಮಿಟ್. 'ಅರ್ಥ್‌ಕ್ವೇಕ್ ಬ್ರೇಸ್ ಪ್ಲಸ್ ಬೋಲ್ಟ್' ಎಂಬ, ಇಂಥ ಕೆಲಸಕ್ಕೆ ನೆರವು ಕೊಡುವ ಕ್ಯಾಲಿಫೋರ್ನಿಯಾದ ಯೋಜನೆಯಲ್ಲಿ ನಿಮ್ಮ ಪಿನ್‌ಕೋಡ್ ಇದ್ದರೆ 3,000 ಡಾಲರ್‌ವರೆಗೆ ಸಿಗಬಹುದು. ಆದರೆ ಕೆಲಸ ಶುರು ಮಾಡುವ ಮೊದಲೇ ಅರ್ಜಿ ಹಾಕಬೇಕು. ಮನೆ ಗುಡ್ಡದ ಇಳಿಜಾರಿನಲ್ಲಿದ್ದರೆ, ಇಲ್ಲವೇ ಕುಳ್ಳ ಗೋಡೆ 4 ಅಡಿ ಮೀರಿದ್ದರೆ ಎಂಜಿನಿಯರ್ ಹತ್ತಿರ ಹೋಗಿ.

ಮಾಸ್ಕ್ ಹಾಕಿಕೊಂಡು, ಟಾರ್ಚ್ ಹಿಡಿದು ಒಳಗೆ ತೆವಳಿ. ಪಾಯದ ಮೇಲೆ ಮಲಗಿಸಿದ ಅಡಿಪಟ್ಟಿಗೆ ಸ್ಕ್ರೂಡ್ರೈವರ್ ಚುಚ್ಚಿ. ಮೆತ್ತಗೆ ಒಳಹೋದರೆ ಮರ ಕೊಳೆತಿದೆ, ಇಲ್ಲವೇ ಗೆದ್ದಲು ತಿಂದಿದೆ. ಅದನ್ನು ಬದಲಿಸದೆ ಮುಂದೆ ಹೋಗಬೇಡಿ.

ಪ್ಲೈವುಡ್ ಬಡಿದ ಮೇಲೆ ಕೈ ತೂರಲ್ಲ. ಹಾಗಾಗಿ ಬೋಲ್ಟ್ ಮೊದಲು. ಅಡಿಪಟ್ಟಿಯ ಮೂಲಕ ಕಾಂಕ್ರೀಟಿಗೆ ತೂತು ಕೊರೆದು, ಒಳಗಿನ ಧೂಳನ್ನೆಲ್ಲ ಊದಿ ತೆಗೆಯಿರಿ. ಧೂಳು ಉಳಿದರೆ, ಬೋಲ್ಟನ್ನು ಕಾಂಕ್ರೀಟಿಗೆ ಕಚ್ಚಿಸುವ ಎಪಾಕ್ಸಿ ಅಂಟು ಹಿಡಿಯಲ್ಲ. ಬೋಲ್ಟಿನ ಮೇಲೆ 3 ಇಂಚಿನ ಚೌಕ ವಾಷರ್ ಹಾಕಿ ಬಿಗಿಯಿರಿ.

ಅಡಿಪಟ್ಟಿ ಸಾಮಾನ್ಯವಾಗಿ ಸ್ಟಡ್‌ಗಿಂತ, ಅಂದರೆ ಗೋಡೆಯೊಳಗೆ ನಿಲ್ಲಿಸಿದ ಮರದ ಕಂಬಗಳಿಗಿಂತ, ಅಗಲ. ಹಾಗಾಗಿ ಪ್ಲೈವುಡ್ಡಿನ ಕೆಳ ಅಂಚಿಗೆ ಮೊಳೆ ಹೊಡೆಯಲು ಆಸರೆ ಇರುವುದಿಲ್ಲ. ಸ್ಟಡ್‌ಗಳ ನಡುವೆ ಅಡಿಪಟ್ಟಿಯ ಮೇಲೆ ಟೂ ಬೈ ಫೋರ್ ಅಳತೆಯ ಮರದ ತುಂಡುಗಳನ್ನು ಮಲಗಿಸಿ ಮೊಳೆ ಹೊಡೆಯಿರಿ. ಒಣಗಿದ ಹಳೇ ಮರ ಸೀಳುತ್ತದೆ, ಮೊದಲು ಸಣ್ಣ ತೂತು ಕೊರೆಯಿರಿ.

ಈಗ ಪ್ಲೈವುಡ್. ದಪ್ಪ 15/32 ಇಂಚು. ಸ್ಟಡ್‌ಗಳ ನಡುವಿನ ಪ್ರತಿ ಜಾಗಕ್ಕೂ ಮೇಲೊಂದು ಕೆಳಗೊಂದು ದುಂಡನೆ ತೂತು ಬಿಡಿ, ಗಾಳಿ ಆಡಲಿ. ಅಂಚಿನುದ್ದಕ್ಕೂ 4 ಇಂಚಿಗೊಂದು, ಮಧ್ಯದ ಸ್ಟಡ್‌ಗಳಿಗೆ 12 ಇಂಚಿಗೊಂದು ಮೊಳೆ. ಬಲ ಇರುವುದು ಹಲಗೆಯಲ್ಲಿ ಅಂದುಕೊಂಡಿದ್ದೆ. ಅಲ್ಲ, ಮೊಳೆಯಲ್ಲಿ! ನೇಲ್ ಗನ್‌ನ ಗಾಳಿ ಒತ್ತಡ ತಗ್ಗಿಸದೆ ನಾನು ಟಕಟಕ ಹೊಡೆದುಬಿಟ್ಟೆ. ಮೊಳೆ ತಲೆಗಳು ಮೇಲ್ಪದರ ಸೀಳಿ ಒಳಗೆ ಮುಳುಗಿದ್ದವು. ಇನ್‌ಸ್ಪೆಕ್ಟರ್ ಸುಮ್ನೆ ಬೆರಳಾಡಿಸಿ ನೋಡಿದರು, ಹಲಗೆಗೆ ಹಲಗೆಯೇ ಮತ್ತೆ ಹೊಡೆಸಿದರು. ತಲೆ ಪ್ಲೈವುಡ್ಡಿನ ಮಟ್ಟಕ್ಕೇ ನಿಲ್ಲಬೇಕು.

ಕೊನೆಗೆ ಗೋಡೆಯ ಮೇಲ್ಪಟ್ಟಿಯನ್ನು ನೆಲದ ಅಂಚಿನ ತೊಲೆಗೆ ಉಕ್ಕಿನ ಕ್ಲಿಪ್‌ಗಳಿಂದ ಕಟ್ಟಿ. ಇದನ್ನು ಬಿಟ್ಟರೆ ಗೋಡೆ ನಿಂತಿದ್ದರೂ ಮನೆ ಅದರ ಮೇಲಿಂದ ಜಾರೀತು. ಇನ್‌ಸ್ಪೆಕ್ಟರ್ ಬಂದು ನೋಡುವವರೆಗೆ ಯಾವುದನ್ನೂ ಮುಚ್ಚಬೇಡಿ.